ಮಂಗಳವಾರದ ಕಂತು

"ತೋರಸಬ್ಯಾಡ್ರಿ!"

ಸುಧಾರಾಣಿ ಎಷ್ಟು ಜೋರಾಗಿ ಕೂಗಿದಳೆಂದರೆ, ತಿಕೋಟಾದ ಆ ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ನಿಂತವರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಕೂಗಿದ್ದಷ್ಟೇ ಅಲ್ಲ. ಸಾಲದ ಅಧಿಕಾರಿ ಅವಳತ್ತ ತಿರುಗಿಸುತ್ತಿದ್ದ ಕಂಪ್ಯೂಟರ್ ಪರದೆಯ ಮೇಲೆ ತನ್ನ ಎರಡೂ ಅಂಗೈಗಳನ್ನು ಒತ್ತಿ ಹಿಡಿದಿದ್ದಳು. ಅವಸರದಲ್ಲಿ ಅವನ ಕೈ ಕೂಡ ಅವಳ ಅಂಗೈ ಕೆಳಗೆ ಸಿಕ್ಕಿಕೊಂಡಿತ್ತು!

"ಯಾಕ್ರಿ? ನಿಮ್ಮದ ಸಿಬಿಲ್ ಸ್ಕೋರ್ ಐತಿ, ಸಾಲಾ ತೀರಿಸಿದ್ದರ ಅಂಕ. ನೀವು ನೋಡಾಕ ಏನಾಗೇತಿ?" ಅವನು ಕೈ ಎಳೆದುಕೊಳ್ಳಲೂ ಆಗದೆ, ಬಿಡಲೂ ಆಗದೆ ಕೇಳಿದ.

"ನೋಡಿದ್ರ ಕಡಿಮಿ ಆಗ್ತೈತಂತರಿ. ಎಲ್ಲಾರೂ ಹೇಳ್ತಾರ. ನಾ ಇವತ್ತಿನ ತನಕ ಒಮ್ಮೆನೂ ನೋಡಿಲ್ಲ."

ಅವನು ನಕ್ಕುಬಿಟ್ಟ. ತಡೆಯಲು ನೋಡಿದ, ಆಗಲಿಲ್ಲ.

ಸುಧಾಳಿಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿದ್ದ ಹೆಸರಿನ ಫಲಕ ನೋಡಿದಳು. ಶ್ರೀಮಂತ. 'ಹೆಸರು ಬೇರೆ ಶ್ರೀಮಂತ! ಬಡವರ ಭಯ ಇವನಿಗೆ ನಗುವ ವಿಷಯವೇ ಸರಿ...'

"ಸಾರಿ ರೀ," ಎಂದ ಅವನು, ಈಗ ನಗು ನುಂಗಿಕೊಂಡು. "ನಿಮ್ಮದು ನೀವು ನೋಡಿಕೊಂಡ್ರ ಒಂದು ಅಂಕಾನೂ ಇಳಿಯೂದಿಲ್ಲ. ನೀವು ಸಾಲಾ ಕೇಳಿದಾಗ ಬ್ಯಾಂಕಿನವರು ನೋಡ್ತಾರಲ್ಲ, ಆಗಷ್ಟ ನಾಕೈದು ಅಂಕ ಇಳೀತಾವ. ಅವೂ ಆಮ್ಯಾಲ ಏರ್ತಾವ."

"ಆದ್ರೂ ಬ್ಯಾಡ್ರಿ. ಬಾಯಿಲೆನೂ ಹೇಳಬ್ಯಾಡ್ರಿ."

"ಹಂಗಾದ್ರ ಇಷ್ಟ ಕೇಳ್ರಿ. ನಿಮ್ಮ ಹೆಸರಿನಾಗ ಒಂದು ಬೈಕ್ ಸಾಲ ಐತಿ. ಅದರಾಗ ಏನೋ ತೊಡಕು ಕಾಣ್ತೈತಿ. ಮನ್ಯಾಗ ವಿಚಾರಿಸ್ರಿ. ಅದು ಸರಿ ಆಗೂತನಕ ಬ್ಯಾರೆ ಎಲ್ಲೂ ಸಾಲಾ ಕೇಳಾಕ ಹೋಗಬ್ಯಾಡ್ರಿ."

"ತೊಡಕಾ? ನಮ್ಮವ್ವ ಒಂದು ಕಂತೂ ಉಳಿಸಿಲ್ರಿ! ಎಲ್ಲಾ ಪಾವತಿ ಚೀಟಿ ಇಟ್ಟಾಳ!"

ಹಾಗೆಂದು ಫೈಲನ್ನು ಅಲ್ಲೇ ಬಿಟ್ಟು ಹೊರಬಂದಳು. ಆದರೆ ಬಸ್ಸು ಹತ್ತಿದ ಮೇಲೆ ಅದೇ ಮಾತು ತಲೆಯಲ್ಲಿ ಸುತ್ತತೊಡಗಿತು. ಏನಿರಬಹುದು ಆ ತೊಡಕು...?

*

ಸುಧಾರಾಣಿ ಮಮದಾಪುರದ ಹುಡುಗಿ. ವಿಜಯಪುರದ ಒಂದು ಪ್ರಯೋಗಾಲಯದಲ್ಲಿ ಆರು ವರ್ಷದಿಂದ ರಕ್ತ ತೆಗೆಯುವ ಕೆಲಸ. ಹೊನವಾಡ, ಕಳ್ಳಕವಟಗಿ ಕಡೆಯ ಮುದುಕರು ಸಕ್ಕರೆ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದರು. ಕೆಲವರು ಅವಳ ಎದುರಿನ ಕುರ್ಚಿಗೆ ಬರುವಷ್ಟರಲ್ಲಿ ತಲೆ ತಿರುಗಿ ಬೀಳುತ್ತಿದ್ದರು. 'ತಿಕೋಟಾದಲ್ಲೇ ಒಂದು ಲ್ಯಾಬ್ ಇದ್ದಿದ್ದರೆ...' ಎಂದು ಅವಳಿಗೆ ಅನ್ನಿಸಿದ್ದು ಹಾಗೆ. ಅನ್ನಿಸಿದ್ದು ಆಸೆಯಾಯಿತು, ಆಸೆ ಹಟವಾಯಿತು.

ತಿಕೋಟಾ ಬಸ್ ನಿಲ್ದಾಣದ ಪಕ್ಕ ರಾಜಾರಾಮ ಎಂಬುವರ ಮಳಿಗೆ ಖಾಲಿ ಇತ್ತು. ದೀಪಾವಳಿ ಪಾಡ್ಯದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು. ಮುಂಗಡಕ್ಕೆ ಅವಳ ಉಳಿತಾಯ ಸಾಕು. ಯಂತ್ರಗಳಿಗೆ ಮಾತ್ರ ಸಾಲ ಬೇಕಿತ್ತು; ಅದು ಸಿಗುವ ಮೊದಲೇ ಮುಂಗಡ ಕೊಟ್ಟರೆ ಖಾಲಿ ಮಳಿಗೆಗೆ ಬಾಡಿಗೆ ಕಟ್ಟಬೇಕಾಗುತ್ತಿತ್ತು.

ಇನ್ನು ಆ ಬೈಕು. ಅಣ್ಣ ಮಾಳು ಮಮದಾಪುರದಿಂದ ಬಬಲೇಶ್ವರಕ್ಕೆ ಹಾಲು ಒಯ್ಯುವವನು. ಮನೆಯಲ್ಲಿ ಸಂಬಳದ ಚೀಟಿ ಇದ್ದದ್ದು ಸುಧಾಳ ಹತ್ತಿರ ಮಾತ್ರ, ಹಾಗಾಗಿ ಸಾಲವೂ ಅವಳ ಹೆಸರಿಗೆ ಬಂತು. ಅವಳು ಹಾಕಿದ್ದು ಒಂದೇ ಸಹಿ. ಹದಿನೆಂಟು ತಿಂಗಳು ಹಾಲಿನ ಹಣ ಒಟ್ಟು ಮಾಡಿ ಬಬಲೇಶ್ವರದ ಫೈನಾನ್ಸಿಗೆ ಹೋಗಿ ಕಟ್ಟಿ ಬಂದವಳು ಅವ್ವ, ಸಕ್ರವ್ವ.

ಅವ್ವನನ್ನು ಹೇಗೆ ಕೇಳುವುದು? 'ಕಂತು ಸರಿಯಾಗಿ ಕಟ್ಟಿದಿಯಾ' ಎಂದರೆ 'ನೀನು ಕಳ್ಳಿಯಾ' ಎಂದಂತಲ್ಲವೇ? ಸುಧಾ ಕೇಳಲಿಲ್ಲ. ನೋಡಲೂ ಇಲ್ಲ. ಭಯವನ್ನು ಹಾಸಿಗೆ ಕೆಳಗೆ ತಳ್ಳಿ ಅದರ ಮೇಲೆಯೇ ಮಲಗಿದಳು.

*

ವಾರದ ನಂತರ ಒಂದು ಬೆಳಿಗ್ಗೆ ಲ್ಯಾಬಿನಲ್ಲಿ ತಲೆ ಎತ್ತಿ ನೋಡಿದರೆ... ಎದುರಿಗೆ ಶ್ರೀಮಂತ!

ಬ್ಯಾಂಕಿನ ಗತ್ತು ಎಲ್ಲಿ ಹೋಗಿತ್ತೋ! ಹಣೆಯಲ್ಲಿ ಬೆವರು. ತೋಳು ಚಾಚಿ ಮುಖವನ್ನು ಗೋಡೆಯತ್ತ ತಿರುಗಿಸಿ ಕುಳಿತಿದ್ದ.

"ಸೂಜಿಗಿ ಅಂಜ್ತೀರೇನ್ರಿ?"

"ಸೂಜಿಗಲ್ರಿ..." ಅವನ ದನಿ ಸಣ್ಣಗಾಯಿತು. "ರಿಪೋರ್ಟಿಗೆ. ಸಕ್ಕರಿಯಿಂದ ನಮ್ಮಪ್ಪನ ಕಾಲು ಹೋತು. ನಾ ಮೂರು ವರ್ಷದಿಂದ ಪರೀಕ್ಷಾನ ಮಾಡಿಸಿಲ್ಲ."

ಅವಳು ಬಹಳ ಮೆತ್ತಗೆ ಸೂಜಿ ಚುಚ್ಚಿದಳು. ಅವನಿಗೆ ಗೊತ್ತೇ ಆಗಲಿಲ್ಲ.

ಮಧ್ಯಾಹ್ನ ವರದಿಯ ಲಕೋಟೆ ಕೊಟ್ಟರೆ ಅವನು ತೆರೆಯದೆ ಜೇಬಿಗಿಟ್ಟುಕೊಂಡ. ಅವಳು ಬಿಡಲಿಲ್ಲ.

"ಇಲ್ಲೇ ತಗದು ನೋಡ್ರಿ. ರಿಪೋರ್ಟ್ ನೋಡಿದ್ರ ಸಕ್ಕರಿ ಏರೂದಿಲ್ಲ!"

ಅವನು ಅವಳನ್ನೇ ನೋಡಿದ. ಅವಳೂ ನೋಡಿದಳು. ಇಬ್ಬರಿಗೂ ಒಂದೇ ಸಲ ಆ ದಿನದ ಪರದೆ ನೆನಪಾಯಿತು, ಒಂದೇ ಸಲ ನಗು ಬಂತು.

ಖಾಲಿ ಹೊಟ್ಟೆಯ ಸಕ್ಕರೆ ನೂರಾ ಹದಿನೆಂಟು ಇತ್ತು. ಇನ್ನೂ ರೋಗವಲ್ಲ, ಆದರೆ ಗಡಿಯ ಹತ್ತಿರ. "ದಿನಾ ನಡೀರಿ, ಚಹಾದಾಗ ಸಕ್ಕರಿ ಬಿಡ್ರಿ," ಎಂದಳು.

ಮರುವಾರ ವಿಜಯಪುರದ ಬಸ್ ನಿಲ್ದಾಣದ ಬಳಿ ಸಕ್ಕರೆ ಇಲ್ಲದ ಚಹಾ ಕುಡಿದು ಮುಖ ಕಿವುಚುತ್ತ ಅವನು ಅವಳಿಗೆ ಸಿಕ್ಕ. ಅದರ ಮರುವಾರ ಅವಳೂ ಸಕ್ಕರೆ ಇಲ್ಲದ್ದನ್ನೇ ಕೇಳಿದಳು. ಪ್ರೀತಿ ಅಂತ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸಪ್ಪೆ ಚಹಾವನ್ನು ಸುಮ್ಮನೆ ಯಾರು ಕುಡಿಯುತ್ತಾರೆ ಹೇಳಿ?

ಫೈಲಿನ ಮಾತನ್ನು ಅವನು ಬ್ಯಾಂಕಿನ ಹೊರಗೆ ಎತ್ತುತ್ತಿರಲಿಲ್ಲ. ಒಂದು ಸಲ ಮಾತ್ರ ಹೇಳಿದ, "ಒಮ್ಮೆ ನೀವ ನೋಡಿಕೊಳ್ರಿ ಸುಧಾ. ನಾ ಹೇಳಿದ್ರ ನಿಮಗ ಅದು ಬರೇ ಅಂಜಿಕಿ. ನೀವು ನೋಡಿದ್ರ ಅದಕ್ಕ ದಾರಿ ಸಿಗ್ತೈತಿ."

ಅವಳು ಮಾತು ಮರೆಸಿದಳು.

*

ದೀಪಾವಳಿಗೆ ಹನ್ನೆರಡು ದಿನ ಉಳಿದಿದ್ದಾಗ ರಾಜಾರಾಮ ಫೋನ್ ಮಾಡಿದರು. "ತಂಗಿ, ಮೊಬೈಲ್ ಅಂಗಡಿಯವ ಬಂದಾನ. ಪೂರಾ ಮುಂಗಡ ಕೈಯಾಗ ಹಿಡಕೊಂಡ ನಿಂತಾನ. ಪಾಡ್ಯದ ತನಕ ಅಂದೀನಿ, ಮಾತು ತಪ್ಪೂದಿಲ್ಲ. ಆದ್ರ ಅದರ ಮ್ಯಾಲ ಒಂದು ದಿನಾನೂ ಆಗೂದಿಲ್ಲ ನೋಡು."

ಮಳಿಗೆ ಹೋದರೆ ಲ್ಯಾಬ್ ಹೋಯಿತು. ಆರು ವರ್ಷದ ಆಸೆ ಹೋಯಿತು!

ಭಯಕ್ಕೆ ಬುದ್ಧಿ ಎಲ್ಲಿರುತ್ತದೆ? ಅದೇ ಮಧ್ಯಾಹ್ನ ಫೋನಿನಲ್ಲಿ 'ಐದೇ ನಿಮಿಷದಲ್ಲಿ ಸಾಲ' ಎನ್ನುವ ಆ್ಯಪ್ ಒಂದಕ್ಕೆ ಅರ್ಜಿ ಹಾಕಿದಳು. ಆಗಲಿಲ್ಲ. ಇನ್ನೊಂದಕ್ಕೆ ಹಾಕಿದಳು. ಅದೂ ಆಗಲಿಲ್ಲ. ಸಂಜೆಯೊಳಗೆ ನಾಲ್ಕಾದವು. ನಾಲ್ಕು ಕಡೆಯವರೂ ಅವಳ ಸ್ಕೋರ್ ತೆಗೆದು ನೋಡಿದರು, ನಾಲ್ಕು ಕಡೆಯವರೂ ಇಲ್ಲ ಎಂದರು. 'ಬೇರೆಲ್ಲೂ ಕೇಳಬೇಡಿ' ಎಂದು ಶ್ರೀಮಂತ ಹೇಳಿದ್ದು ನಾಲ್ಕನೆಯದು ಮುಗಿದ ಮೇಲೆ ನೆನಪಾಯಿತು. ಅಯ್ಯೋ, ನಾನೇ ನನ್ನ ಕೈಯಾರೆ...!

ಅಂಜಿದವರ ಮೇಲೆ ಕಪ್ಪೆ ಎಸೆದರಂತೆ. ಮರುದಿನ ಗುರುತಿಲ್ಲದ ನಂಬರಿನಿಂದ ಒಂದು ಗಡಸು ದನಿ ಬಂತು.

"ಸುಧಾರಾಣಿ ಅಂದ್ರ ನೀವೇನ್ರಿ? ಬೈಕ್ ಸಾಲದ ಬಾಕಿ ಐತಿ. ಯಾವಾಗ ಕಟ್ಟತೀರಿ? ಇಲ್ಲಂದ್ರ ಮಮದಾಪುರಕ್ಕ ಮನಿಗೇ ಬರ್ತೀವಿ."

"ಅದು... ಅದು ತೀರೇತಲ್ರಿ..."

ಫೋನ್ ಕಟ್ಟಾಯಿತು. ಆ ಹೊತ್ತಿಗೆ ಎದುರಿಗೆ ಒಬ್ಬ ಅಜ್ಜಿ ತೋಳು ಚಾಚಿ ಕುಳಿತಿದ್ದಳು. ಸುಧಾಳ ಸೂಜಿ ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಆರು ವರ್ಷದಲ್ಲಿ ಹೀಗೆ ಎಂದೂ ಆಗಿರಲಿಲ್ಲ. "ಇರ್ಲಿ ಬಿಡವ್ವಾ," ಎಂದು ಅಜ್ಜಿಯೇ ಸಮಾಧಾನ ಹೇಳಬೇಕಾಯಿತು.

ಅವಳ ಕಣ್ಣ ಮುಂದೆ ಒಂದೇ ಚಿತ್ರ. ಓಣಿಯಲ್ಲಿ ಆ ಗಡಸು ದನಿಯವನು, ಬಾಗಿಲಲ್ಲಿ ಅವ್ವ, ಸುತ್ತ ಜನ...

'ಶ್ರೀಮಂತನಿಗೆ ಎಲ್ಲ ಹೇಳಿಬಿಡಬೇಕು' ಎಂದು ಶುಕ್ರವಾರ ತಿಕೋಟಾಕ್ಕೆ ಓಡಿದಳು. ಅವಳು ಬ್ಯಾಂಕಿನ ಬಾಗಿಲು ದಾಟಿದ್ದೇ ತಡ, ಅವನು ತನ್ನ ಕುರ್ಚಿಯಿಂದ ಎದ್ದು ತಲೆ ತಗ್ಗಿಸಿಕೊಂಡು ಒಳಗೆ ಹೋಗಿಬಿಟ್ಟ!

ಗುಮಾಸ್ತ ಇಮ್ರಾನ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಕ್ಕಾರ, ಶ್ರೀಮಂತ ಸರ್ ನಿಮ್ಮ ಫೈಲಿನಿಂದ ಕೈ ತಗದಾರ್ರಿ. ಇನ್ನ ಮ್ಯಾನೇಜರ ನೋಡ್ತಾರಂತ."

"ಕೈ ತಗದಾರ? ಯಾಕ?"

"ಅದು ನನಗ ಗೊತ್ತಿಲ್ರೀ."

ಹೊರಗೆ ಬಂದು ಫೋನ್ ಮಾಡಿದಳು. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಸಂದೇಶ ಬಂತು: 'ನಾಕು ದಿನ ಫೋನ್ ಮಾಡಬ್ಯಾಡ್ರಿ. ಆಮ್ಯಾಲ ಎಲ್ಲಾ ಹೇಳ್ತೀನಿ.'

ಅವಳಿಗೆ ಹೇಳುವುದೇನೂ ಉಳಿದಿಲ್ಲ ಅನ್ನಿಸಿತು. ನೋಡಿದ್ದಾನೆ. ನನ್ನ ಸ್ಕೋರ್ ನೋಡಿದ್ದಾನೆ. ಬಾಕಿ ಉಳಿಸಿಕೊಂಡವಳು, ಸಿಕ್ಕಸಿಕ್ಕಲ್ಲಿ ಕೈಚಾಚುವವಳು ಎಂದುಕೊಂಡಿದ್ದಾನೆ... ಕಣ್ಣೀರಿನಲ್ಲಿ ಅವನ ನಂಬರ್ ಬ್ಲಾಕ್ ಮಾಡಿದಳು.

*

ಎರಡು ದಿನ ಲ್ಯಾಬಿನಲ್ಲಿ ಹೇಗೋ ಕಳೆದಳು. ಫೋನ್ ಗುಂಯ್ ಎಂದಾಗಲೆಲ್ಲ ಅದನ್ನು ಮಗುಚಿ ಇಡುತ್ತಿದ್ದಳು. ಸೋಮವಾರ ಸಂಜೆ ತಡೆಯಲಾರದೆ ಮಮದಾಪುರದ ಬಸ್ಸು ಹತ್ತಿದಳು. ಊರು ಹತ್ತಿರವಾದಂತೆ ಹಿಂದಿನಿಂದ ಬರುವ ಪ್ರತಿ ಬೈಕಿನ ಸದ್ದೂ ಆ ಮನುಷ್ಯನದೇ ಅನ್ನಿಸಿತು.

ಮನೆಯ ಮುಂದೆ ಯಾರೂ ಇರಲಿಲ್ಲ. ಅವ್ವ ಎಮ್ಮೆ ಹಿಂಡುತ್ತಿದ್ದಳು.

"ಯಾಕವ್ವಾ, ಮಾರಿ ಬಾಡೇತಿ? ಜಡ್ಡೇನ?"

ಸುಧಾ ಕಟ್ಟೆಯ ಮೇಲೆ ಕುಸಿದಳು. ಇನ್ನು ಬಚ್ಚಿಡಲು ಜಾಗ ಉಳಿದಿರಲಿಲ್ಲ. ರಿಪೋರ್ಟ್ ನೋಡಿದರೆ ಸಕ್ಕರೆ ಏರುವುದಿಲ್ಲ... ತಾನೇ ಹೇಳಿದ ಮಾತಲ್ಲವೇ? ಬೇರೆಯವರಿಗೆ ಎಷ್ಟು ಸುಲಭವಾಗಿ ಹೇಳಿದ್ದಳು!

ಫೋನ್ ತೆಗೆದಳು. ಹೆಸರು, ಪ್ಯಾನ್ ನಂಬರ್ ಹಾಕಿದಳು. ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ತೆರೆದಳು.

ಆರುನೂರ ಮೂವತ್ತೊಂದು.

ಎದೆ ಒಡೆಯಲಿಲ್ಲ. ಎಮ್ಮೆ ತನ್ನ ಪಾಡಿಗೆ ಮೇವು ಮೆಲ್ಲುತ್ತಲೇ ಇತ್ತು. ಒಂದು ನಂಬರು ಅಷ್ಟೇ. ಕೆಟ್ಟ ನಂಬರು, ಆದರೆ ನಂಬರು.

ಕೆಳಗೆ ಸರಿಸಿದಳು. ಮೊನ್ನೆಯ ನಾಲ್ಕು ಅರ್ಜಿಗಳು ಅಲ್ಲಿದ್ದವು. ಅದರ ಕೆಳಗೆ ಬೈಕ್ ಸಾಲದ ಹದಿನೆಂಟು ಚೌಕಗಳು. ಹನ್ನೊಂದು ಹಸಿರು, ಏಳು ಕೆಂಪು. ಕೆಂಪಿನಲ್ಲಿ 'ತಡ' ಎಂದಿತ್ತು. ಎರಡು ದಿನ, ಮೂರು ದಿನ. ಕೊನೆಗೆ, ಬಾಕಿ: ಮೂರು ಸಾವಿರದ ನೂರಾ ಎಂಬತ್ತು. ಖಾತೆ ಮುಚ್ಚಿಲ್ಲ.

"ಯವ್ವಾ... ಬೈಕಿನ ಪಾವತಿ ಎಲ್ಲೆದಾವ ಬೇ?"

ಸಕ್ರವ್ವ ಹಳೆಯ ಡಬ್ಬಿ ತಂದು ಮುಂದಿಟ್ಟಳು. ಒಂದರ ಮೇಲೊಂದು ಹದಿನೆಂಟು ಚೀಟಿ, ಒಂದೂ ಕಳೆದಿಲ್ಲ. "ಎಣಿಸಿ ನೋಡು. ಒಂದು ಕಡಿಮಿ ಇದ್ರ ಕೇಳು."

ಕಡಿಮೆ ಇರಲಿಲ್ಲ. ಗಡುವು ಮೂವತ್ತನೇ ತಾರೀಖು. ಸುಧಾ ಕೆಂಪು ತಿಂಗಳುಗಳನ್ನು ಒಂದೊಂದಾಗಿ ಫೋನಿನ ಕ್ಯಾಲೆಂಡರಿನಲ್ಲಿ ಹುಡುಕಿದಳು. ಮಂಗಳವಾರ. ಮತ್ತೆ ಮಂಗಳವಾರ. ಶುಕ್ರವಾರ. ಡಿಸೆಂಬರ್ ಮೂವತ್ತು... ಎಳ್ಳ ಅಮಾವಾಸ್ಯೆ!

ಅವಳು ಅವ್ವನ ಮುಖ ನೋಡಿದಳು.

"ಮತ್ತೇನ?" ಎಂದಳು ಸಕ್ರವ್ವ. "ಮಂಗಳವಾರ ಶುಕ್ರವಾರ ಮನಿ ಲಕ್ಷ್ಮಿನ್ನ ಹೊರಗ ಹಾಕೂದೇನ? ಎಳ್ಳ ಅಮವಾಸಿ ದಿನ ಹೊಲದಾಗ ಭೂಮಿತಾಯಿಗಿ ಚರಗ ಚೆಲ್ಲೂದು ಬಿಟ್ಟು ಫೈನಾನ್ಸಿಗಿ ಹೋಗ್ಲೇನ? ಎರಡು ದಿನ ಬಿಟ್ಟು ಕಟ್ಟೀನಿ. ಆ ಕೌಂಟರಿನ ಹುಡುಗ ಒಂದು ಮಾತೂ ಅಂದಿಲ್ಲ. ರೊಕ್ಕಾ ತಗೊಂಡ, ಚೀಟಿ ಕೊಟ್ಟ."

ಹುಡುಗ ಏನೂ ಅಂದಿರಲಿಲ್ಲ. ಆದರೆ ಪ್ರತಿ ತಡಕ್ಕೂ ದಂಡ ಬಿದ್ದಿತ್ತು. ದಂಡ ಕಟ್ಟದ್ದರಿಂದ ಸಾಲ ಇನ್ನೂ ಜೀವಂತವಿತ್ತು. ಸಂದೇಶಗಳೆಲ್ಲ ಹೋಗಿದ್ದು ಸಾಲದ ಅರ್ಜಿಯಲ್ಲಿ ಮೊದಲು ಬರೆದಿದ್ದ ಮಾಳುವಿನ ಫೋನಿಗೆ. ಹಾಲಿನ ಕ್ಯಾನ್ ಇಳಿಸುತ್ತಿದ್ದ ಅವನು ತಲೆ ಕೆರೆದುಕೊಂಡ. "ಕಂಪನಿಯವರು ಸುಮ್ಮ ಕಳಸ್ತಾರಂತ ಅಳಿಸಿಬಿಡ್ತಿದ್ನೆ..."

ಸುಧಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಸಕ್ರವ್ವ ಚೀಟಿಗಳನ್ನು ಮತ್ತೆ ಡಬ್ಬಿಗೆ ಜೋಡಿಸತೊಡಗಿದಳು.

"ಅಂದ್ರ... ನಾನ ನಿನ್ನ ಹೆಸರು ಕೆಡಿಸಿದ್ನೇನ ಮಗಳ?"

"ಇಲ್ಲ ಬೇ!" ಸುಧಾ ಅವ್ವನನ್ನು ತಬ್ಬಿಕೊಂಡಳು. "ನಾ ಮೊದಲ ಕೇಳಿದ್ರ ಎರಡು ತಿಂಗಳ ಹಿಂದ ಮುಗೀತಿತ್ತು. ಕೇಳಾಕ ಅಂಜಿದ್ನೆ. ತಪ್ಪು ನಂದು."

ಬೆಳಿಗ್ಗೆ ಬಬಲೇಶ್ವರಕ್ಕೆ ಹೊರಟು ನಿಂತಾಗ ಸಕ್ರವ್ವ ಸೆರಗಿನ ಗಂಟು ಬಿಚ್ಚಿ ನೋಟು ಮುಂದೆ ಹಿಡಿದಳು.

"ಯವ್ವಾ, ಇವತ್ತ ಮಂಗಳವಾರ ಐತಿ ಬೇ. ನನ್ನ ಹತ್ರ ಐತಿ ರೊಕ್ಕಾ."

"ಗೊತ್ತೈತಿ. ತಗೊಂಡ ಹೋಗು." ಚಾಚಿದ ಕೈ ಹಿಂದೆ ಸರಿಯಲಿಲ್ಲ. "ಲಕ್ಷ್ಮಿಗಿ ನಾ ಹೇಳ್ಕೊತೀನಿ."

ಸುಧಾಳ ಕಣ್ಣು ತುಂಬಿ ಬಂದವು.

*

ಬಾಕಿ ತೀರಿಸಿ, ಏನೂ ಉಳಿದಿಲ್ಲವೆಂದು ಫೈನಾನ್ಸಿನವರಿಂದ ಪತ್ರ ಬರೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ತಿಕೋಟಾ ಬ್ಯಾಂಕಿಗೆ ಬಂದಳು. ಶ್ರೀಮಂತನ ಕುರ್ಚಿಯತ್ತ ಕಣ್ಣೆತ್ತಲಿಲ್ಲ. ನೇರ ಮ್ಯಾನೇಜರ್ ಮುಂದೆ ನಿಂತು, ಮಂಗಳವಾರದಿಂದ ಹಿಡಿದು ನಾಲ್ಕು ಆ್ಯಪ್‌ಗಳವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ವಯಸ್ಸಾದ ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಮುಚ್ಚಿಡದ ಹೇಳಿದ್ರಲ್ಲ, ಅರ್ಧಾ ಕೆಲಸ ಆತು. ಖಾತೆ ಮುಚ್ಚಿದ್ದು ದಾಖಲಾಗಾಕ ಒಂದು ತಿಂಗಳು ಹಿಡೀತೈತಿ. ಅಂಕ ಏರಾಕ ಇನ್ನೂ ನಾಕೈದು ತಿಂಗಳು. ಆಮ್ಯಾಲ ಬರ್ರಿ, ಫೈಲ್ ನಾನ ನೋಡ್ತೀನಿ. ಶ್ರೀಮಂತ ನೋಡಾಂಗಿಲ್ಲ, ಅದು ನಿಮಗ ಗೊತ್ತ ಐತೆಲ್ಲ?"

"ಗೊತ್ತೈತ್ರಿ," ಎಂದಳು ಸುಧಾ ಕಹಿಯಾಗಿ. "ಬ್ಯಾಡಾಗೇನಿ, ಅದಕ್ಕ ಕೈ ತಗದಾರ."

"ಬ್ಯಾಡಾಗೀರಾ?" ಮ್ಯಾನೇಜರ್ ಗಲಿಬಿಲಿಗೊಂಡರು. "'ಈ ಹುಡುಗಿನ್ನ ಮದುವಿ ಆಗಬೇಕಂತ ಮಾಡೀನಿ, ಇಕಿ ಅರ್ಜಿ ನಾ ನೋಡೂದು ಸರಿ ಅಲ್ಲ' ಅಂತ ಬರದು ಕೊಟ್ಟಾನವ! ಫೈಲ್ ನನ್ನ ಕೈಗೆ ಬರೂತನಕ ಆಕಿ ಜೋಡಿ ಮಾತಾಡಬ್ಯಾಡ ಅಂತ ನಾನ ಹೇಳಿದ್ದೆ. ನಿನ್ನೆ ಬಂತು. ಯಾಕ, ನಿಮಗ ಹೇಳಿಲ್ಲೇನ?"

ಸುಧಾಳಿಗೆ ನೆಲ ಕಾಣಲಿಲ್ಲ. ನಿನ್ನೆಯಿಂದ ಅವನು ಎಷ್ಟು ಸಲ ಫೋನ್ ಮಾಡಿರಬೇಕು! ಬ್ಲಾಕ್ ಮಾಡಿ ಕುಳಿತವಳು ತಾನೇ...

ಅವಳು ಹೊರಗೆ ಓಡಿದಳು. ಕುರ್ಚಿ ಖಾಲಿ. 'ಊಟಕ್ಕ ಹೋಗ್ಯಾರ' ಎಂದ ಇಮ್ರಾನ. ತಡವಾಯಿತೇ?

ಆದರೂ ಮೊದಲು ಮಳಿಗೆ. ರಾಜಾರಾಮರ ಮುಂದೆ ಮುಂಗಡದ ಹಣ ಇಟ್ಟು ಕೇಳಿದಳು, "ಕಾಕಾ, ಮಷೀನ್ ಇನ್ನೂ ಆರು ತಿಂಗಳು ಬರೂದಿಲ್ಲ. ಅಲ್ಲೀತನಕ ಎರಡು ಕುರ್ಚಿ ಹಾಕಿ ಇಲ್ಲೆ ರಕ್ತಾ ತಗೀತೀನಿ, ವಿಜಯಪುರದ ನಮ್ಮ ಲ್ಯಾಬಿಗೇ ಬಸ್ಸಿನಾಗ ಕಳಸ್ತೀನಿ. ಬಾಡಿಗಿ ಒಂದು ತಿಂಗಳೂ ತಪ್ಪಸೂದಿಲ್ಲ. ಕೊಡ್ತೀರೇನ್ರಿ?"

ರಾಜಾರಾಮ ಅವಳನ್ನೇ ನೋಡಿದರು. "ಪರೀಕ್ಷಾಕ ಹೋಗಾಗ ನಮ್ಮ ಮನಿಯಾಕಿ ಎರಡು ಸರ್ತಿ ಬಸ್ಸಿನಾಗ ಬಿದ್ದಾಳ. ಕುರ್ಚಿ ಯಾವಾಗ ಹಾಕ್ತಿ ಹೇಳು." ಹೀಗೆಂದು ಕೀಲಿ ಅವಳ ಕೈಗಿಟ್ಟರು.

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಫೋನ್ ತೆಗೆದು ಬ್ಲಾಕ್ ಬಿಡಿಸುವಷ್ಟರಲ್ಲಿ ಎದುರಿಗೆ ಎರಡು ಕಾಲು ಬಂದು ನಿಂತವು.

ಶ್ರೀಮಂತ. ರಕ್ತ ಕೊಡುವ ದಿನ ಇದ್ದಂತೆಯೇ ಹಣೆಯಲ್ಲಿ ಬೆವರು.

"ನನಗ ಹೇಳೂದು ಬಿಟ್ಟು ಮ್ಯಾನೇಜರಗ ಹೇಳಿದ್ರೇನ್ರಿ?" ಕಣ್ಣೊರೆಸಿಕೊಳ್ಳುತ್ತ ಜಗಳಕ್ಕೇ ನಿಂತಳು.

"ನಿಮಗ ಹೇಳಾಕ ಅಂಜಿಕಿ ಬಂತ್ರಿ. ಅವರು ಸಿಟ್ಟಾದ್ರ ಹೆಚ್ಚಂದ್ರ ವರ್ಗಾ ಮಾಡ್ತಾರ. ನೀವು ಇಲ್ಲ ಅಂದ್ರ..."

ಸುಧಾ ಫೋನನ್ನು ಅವನ ಮುಂದೆ ಹಿಡಿದಳು. ಈ ಸಲ ಅಂಗೈ ಅಡ್ಡ ಇಡಲಿಲ್ಲ. "ಆರುನೂರ ಮೂವತ್ತೊಂದು. ನೋಡಿ, ಆಮ್ಯಾಲ ಕೇಳ್ರಿ."

"ನಂದು ನೂರಾ ಹದಿನೆಂಟು. ನಿಮಗ ಗೊತ್ತ ಐತಿ." ಅವನು ಫೋನನ್ನು ನೋಡಲೇ ಇಲ್ಲ, ಅವಳನ್ನೇ ನೋಡಿದ. "ನನ್ನ ಮದುವಿ ಆಗ್ತೀರೇನ್ರಿ ಸುಧಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

"ಹಂಗಾದ್ರ ಇವತ್ತ ಸಂಜಿಕೆ ನಿಮ್ಮ ಮನಿಗೆ ಬರ್ಲಾ?"

"ಇವತ್ತ ಬ್ಯಾಡ್ರಿ. ಮಂಗಳವಾರ. ಅವ್ವ ಬೆಳಿಗ್ಗೆನ ಗಟ್ಟಿ ಮನಸ್ಸು ಮಾಡಿ ರೊಕ್ಕಾ ಕೊಟ್ಟಾಳ. ಅದ ದಿನ ಮಗಳನ್ನೂ ಕೊಡು ಅಂದ್ರ ಆಕಿ ತಡ್ಕೊಳ್ಳೂದಿಲ್ಲ."

"ನಾಳೆ ಬುಧವಾರ."

"ಬುಧವಾರ ಅಂದ್ರ ಬುಧವಾರ. ಒಂದು ದಿನಾ ತಡಾ ಆದ್ರೂ ನನ್ನ ಕಡಿ ಕೆಂಪು ಚೌಕ ಬೀಳ್ತೈತಿ ನೋಡ್ರಿ."

"ಬೆಳಗಿನ ಮೊದಲನೇ ಬಸ್ಸಿಗಿ ಬರ್ತೀನ್ರಿ," ಎಂದ ಶ್ರೀಮಂತ.